ಒಂದನೇ ಹುರಿ

1983ರ ಮಾರ್ಚ್ 17, ಗುರುವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಲೋರಿ ಟಾರ್ವಿಟ್ ತನ್ನ ಚಿಕ್ಕಪ್ಪನ ಅಡುಗೆಮನೆಯ ಮೇಜಿನ ಮೇಲೆ ಕಾರ್ಡುಗಳನ್ನು ಮೂರನೆಯ ಸಲ ಎಣಿಸಿದನು. ಏಳೇ ಇದ್ದವು. ಇರಬೇಕಾದವು ಎಂಟು.

ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹುರಿಗಳು. ಒಂದೊಂದು ಹುರಿಗೂ ಒಂದು ಸಂಖ್ಯೆ, ಒಂದು ಕಾರ್ಡು, ಒಬ್ಬ ಮನುಷ್ಯ. ತಲೆಯ ಕಡೆಯದು ಒಂದನೆಯದು. ಅದು ಸತ್ತವನಿಗೆ ಎಲ್ಲರಿಗಿಂತ ಹತ್ತಿರದವರದು. ಕಾಲಿನ ಕಡೆಯದು ಎರಡನೆಯದು. ಉಳಿದ ಆರು ಎರಡು ಮಗ್ಗುಲುಗಳಿಗೆ. ಕಿಲ್‌ಡಾರ್ನಿ ಬಂದರಿನಲ್ಲಿ ಸಾವಾದರೆ ಜನ ಮೊದಲು ಕೇಳುವುದು ಕಾಯಿಲೆ ಯಾವುದೆಂದಲ್ಲ, ಒಂದನೇ ಹುರಿ ಯಾರಿಗೆಂದು.

ಎಬೆನ್ ಟಾರ್ವಿಟ್ ಆ ಪ್ರಶ್ನೆಯನ್ನು ಇತರರಿಗೆ ಬಿಟ್ಟು ಹೋಗುವವನಲ್ಲ. ಮೀನಿನ ಕಟ್ಟೆಯಲ್ಲಿ ನಲವತ್ತು ವರ್ಷ ತೂಕದ ಗುಮಾಸ್ತನಾಗಿದ್ದವನು, ಮದುವೆಯಾಗಿರಲಿಲ್ಲ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಕಳೆದ ಭಾನುವಾರ, ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡಿದ್ದನು. ಕಾರ್ಡುಗಳನ್ನು ತಾನೇ ಬರೆದು ಲಕೋಟೆಯಲ್ಲಿ ಇಟ್ಟಿದ್ದನು. ಎರಡರಿಂದ ಎಂಟರವರೆಗೆ ಎಲ್ಲವೂ ಇದ್ದವು. ಎರಡರ ಮೇಲೆ ಹೀಗಿತ್ತು: ‘ಲೋರಿ ಟಾರ್ವಿಟ್. ನನಗೆ ಅಣ್ಣನ ಮಗ.’ ಒಂದು ಇರಲಿಲ್ಲ.

“ಲೆಕ್ಕ ತಪ್ಪಿದಾರೆ ಅಷ್ಟೆ,” ಎಂದನು ಲೋರಿ. ಅವನು ದೋಣಿಯ ಯಜಮಾನ, ಐವತ್ತೆಂಟು ವರ್ಷದವನು, ಅಪ್ಪಣೆ ಕೊಟ್ಟು ಅಭ್ಯಾಸವಿದ್ದವನು. “ಒಂದು ನಂದೇ. ಎಲ್ಲರೂ ಒಂದೊಂದು ಮೇಲಕ್ಕೆ ಸರಿದ್ರೆ ಆಯ್ತು.”

“ನಲವತ್ತು ವರ್ಷ ಮೀನು ತೂಗಿದೋರು, ಎಂಟರ ತನಕ ಎಣಿಸೋಕೆ ಬರದೇ ಸತ್ರಾ?” ಎಂದಳು ಅವನ ಹೆಂಡತಿ ಬೆತಿಯಾ.

ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ಸ್ಮೀಟನ್ ನಿಂತಿದ್ದನು. ಊರಿನ ಬಡಗಿ ಅವನೇ, ಶವಪೆಟ್ಟಿಗೆ ಮಾಡುವವನೂ ಹುರಿ ಕೂಗುವವನೂ ಅವನೇ. ಹತ್ತೂವರೆಗೆ ಗಾಡಿ ಹೊರಡಬೇಕೆಂದಷ್ಟೇ ನೆನಪಿಸಿದನು.

ಒಲೆಯ ಬಳಿ ಬೆನ್ನು ತಿರುಗಿಸಿ ನಿಂತು ಚಹಾ ಬಗ್ಗಿಸುತ್ತಿದ್ದವಳು ಯೂಫೀಮಿಯ ಡನ್ಸೈರ್, ಊರಿಗೆಲ್ಲ ಎಫಿ. ಎಪ್ಪತ್ತನಾಲ್ಕು ವರ್ಷದ ಆಕೆ ಬಂದರಿನ ಅಟ್ಟದಲ್ಲಿ ಬಲೆ ಹೆಣೆದು ಬದುಕಿದವಳು. ಏಳು ಕಾರ್ಡುಗಳಲ್ಲಿ ತನ್ನ ಹೆಸರಿಲ್ಲವೆಂಬುದನ್ನು ಕೆಟಲು ಇಳಿಸುವಷ್ಟರಲ್ಲಿ ಓದಿಕೊಂಡಿದ್ದಳು; ಹರಿದ ಕಣ್ಣಿಯನ್ನು ನೂರು ಕಣ್ಣಿಗಳ ನಡುವೆ ಹುಡುಕುವವಳ ದೃಷ್ಟಿ ಅದು. ಆ ಹುರಿ ತನಗೆ ಬೇಕೆಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಕೇಳಲು ಅವಳಿಗೆ ಹಕ್ಕೂ ಇರಲಿಲ್ಲ. ಎಬೆನ್‌ಗೆ ಅವಳು ಹೆಂಡತಿಯಲ್ಲ, ತಂಗಿಯಲ್ಲ, ಪಕ್ಕದ ಮನೆಯವಳೂ ಅಲ್ಲ.

“ನೀವು ಹೇಳಿ, ಮಿಸ್ ಡನ್ಸೈರ್,” ಎಂದಳು ಬೆತಿಯಾ. “ಕಾರ್ಡು ಎಲ್ಲಿ ಕಳೆದಿರ್ತಾರೆ?”

“ಎಬೆನ್ ಕಾಗದ ಕಳೆಯೋನಲ್ಲ. ಎತ್ತಿಡೋನು. ತೊಂದರೆ ಇರೋದೇ ಅಲ್ಲಿ.”

ಅವಳು ಗೋಡೆಯ ಕಡೆ ತಲೆ ತಿರುಗಿಸಿದಳು. ಅಲ್ಲಿ ಹಲಗೆಯ ಮೇಲೆ ಬೂಟಿನ ಪೆಟ್ಟಿಗೆಗಳು ಏಳು ಸಾಲಾಗಿ ನಿಂತಿದ್ದವು.

*

1951ರಲ್ಲಿ ಎಡಿನ್‌ಬರೋದಿಂದ ಒಂದು ಕಾಗದ ಬಂದಿತ್ತು. ಹಳೆಯ ಸ್ಕಾಟ್ಸ್ ಭಾಷೆಯ ನಿಘಂಟಿಗೆ ಓದುಗರು ಬೇಕಾಗಿದ್ದರು. ಸಂಬಳವಿಲ್ಲ. ಹಳೆಯ ಕಡತಗಳನ್ನು ಓದಿ, ಪದ ಬಂದ ಒಳ್ಳೆಯ ವಾಕ್ಯಗಳನ್ನು ಆರಿಸಿ ಚೀಟಿಗೆ ಇಳಿಸಿ, ಒಂದು ಪ್ರತಿ ಕಳುಹಿಸಬೇಕು. ಎಬೆನ್ ಹಡಗಿಗೆ ಸಂಬಂಧಿಸಿದ ಪದಗಳನ್ನು ಕೇಳಿದನು. ಅವನ್ನು ಆಗಲೇ ಯಾರೋ ಪಾದ್ರಿ ತೆಗೆದುಕೊಂಡಾಗಿತ್ತು. ಉಳಿದಿದ್ದುದು ‘ಟಿಲ್’, ಯಾರೂ ಒಲ್ಲದ ಪದ. ಹಳೆಯ ಬರಹದಲ್ಲಿ t, i, l ಎಂದು ಮೂರಕ್ಷರದ್ದು, ಪ್ರತಿ ಪುಟದಲ್ಲೂ ಹತ್ತು ಸಲ ಬರುವಂಥದ್ದು.

ಅವನು ಗೊಣಗದೆ ಒಪ್ಪಿಕೊಂಡನು. ಊರಿನ ಸಭೆಯ ನಾಲ್ಕು ನೂರು ವರ್ಷದ ಕಡತಗಳನ್ನು ಒಂದೊಂದಾಗಿ ಮನೆಗೆ ತಂದು ಓದಿದನು. ಆ ಪುಟ್ಟ ಪದ ಹಿಂದಿನವರಲ್ಲಿ ಎಷ್ಟು ಕೆಲಸ ಮಾಡುತ್ತಿತ್ತೆಂದು ನೋಡಿ ಅವನಿಗೇ ಆಶ್ಚರ್ಯವಾಯಿತು. ಜನ ಬಂದರಿನ ಕಡೆಗೆ ನಡೆದರೆ ಅದೇ ಪದ, ಕತ್ತಲಾಗುವ ತನಕ ಕಾದರೆ ಅದೇ. ಒಬ್ಬಳನ್ನು ಹೆಂಡತಿಯಾಗಿ ಸ್ವೀಕರಿಸಿದರೂ ಅದೇ ಪದ. ‘ಅವನಿಗೆ’, ‘ನನಗೆ’ ಎಂಬಲ್ಲಿನ ‘ಗೆ’ಯಂತೆ, ಇವನು ಅವನಿಗೆ ಏನಾಗಬೇಕೆಂದು ಹೇಳಲೂ ಅದೇ. ಒಂದೊಂದು ಅರ್ಥಕ್ಕೆ ಒಂದೊಂದು ಪೆಟ್ಟಿಗೆ ಇಟ್ಟನು. ನಂಟಿನದು ಏಳನೆಯದು.

1954ರ ನವೆಂಬರ್ 11, ಗುರುವಾರ, ಎಫಿ ಜಗಳವಾಡಲು ಬಂದಳು. ತನ್ನ ಅಣ್ಣನ ದೋಣಿಯ ಹ್ಯಾಡಕ್ ಮೀನನ್ನು ತಕ್ಕಡಿ ಎರಡು ಪೌಂಡು ಕಡಿಮೆ ತೂಗಿದೆಯೆಂದು ಅವಳ ತಕರಾರು. ಎಬೆನ್ ಪುಸ್ತಕ ತೆಗೆದು ತೋರಿಸಿದನು, ತೂಕ ಸರಿಯಿತ್ತು. ಎಫಿ ಸೋತು ಎದ್ದವಳು, ಮೇಜಿನ ಮೇಲೆ ತೆರೆದಿದ್ದ ಪೆಟ್ಟಿಗೆಯ ಚೀಟಿಗಳ ಮೇಲೆ ಕಣ್ಣಾಡಿಸಿ, “ಇದು ತಪ್ಪು ಪೆಟ್ಟಿಗೇಲಿದೆ,” ಎಂದಳು. ಎಬೆನ್ ಅದನ್ನು ಓದಿದನು. ಅದು ನಿಜವಾಗಿಯೂ ತಪ್ಪು ಪೆಟ್ಟಿಗೆಯಲ್ಲಿತ್ತು.

ಮುಂದಿನ ಗುರುವಾರವೂ ಅವಳು ಬಂದಳು. ಆ ಮೊದಲ ಗುರುವಾರವೂ ಸೇರಿ ಕಳೆದ ವಾರದವರೆಗೆ 1,479 ಗುರುವಾರಗಳು. ತಪ್ಪಿದವು ಆರು.

ಈ ಕೆಲಸದಿಂದ ಎಬೆನ್‌ಗೆ ಒಂದು ದುರಭ್ಯಾಸವಾಯಿತು. ಚೀಟಿಯ ಅಳತೆಯ ಕಾಗದ ಯಾವುದೇ ಇರಲಿ, ಅದರಲ್ಲಿ ಆ ಪದ ಕಂಡರೆ ಕೈ ತಾನಾಗಿ ಅದನ್ನು ಪೆಟ್ಟಿಗೆಗೆ ಸೇರಿಸುತ್ತಿತ್ತು. ಒಮ್ಮೆ ಹಲ್ಲಿನ ವೈದ್ಯರ ಕಾರ್ಡು ‘ತನಕ’ದ ಪೆಟ್ಟಿಗೆಗೆ ಹೋಗಿ, ಅವನು ಒಂದು ತಿಂಗಳು ದವಡೆ ಹಿಡಿದುಕೊಂಡು ಓಡಾಡಿದ್ದನು. ಅದನ್ನು ಕೊನೆಗೆ ಹುಡುಕಿ ತೆಗೆದವಳು ಎಫಿ.

*

“ಇದರಲ್ಲೇ ಹುಡುಕಬೇಕಾ?” ಎಂದನು ಲೋರಿ. “ಎಷ್ಟು ಚೀಟಿ?”

“1,183,” ಎಂದಳು ಎಫಿ. “ಮತ್ತೊಂದು ಇದೆ. ಅದು ಲೆಕ್ಕಕ್ಕಿಲ್ಲ.”

ಯಾವ ಪೆಟ್ಟಿಗೆ ಎಂಬುದನ್ನು ಅವಳು ಊಹಿಸಿದ್ದಳು, ಬಾಯಿ ಬಿಡಲಿಲ್ಲ. ತಾನು ತೋರಿಸಿದ ಪೆಟ್ಟಿಗೆಯಲ್ಲಿ ಬೇರೆ ಯಾರದೋ ಹೆಸರು ಸಿಕ್ಕರೆ ಅದನ್ನು ತಾನೇ ಹುಡುಕಿಕೊಟ್ಟಂತಾಗುತ್ತಿತ್ತು. ಹಂಚಿಕೆಯಲ್ಲಿ ಮೊದಲ ಎರಡು ಪೆಟ್ಟಿಗೆಗಳನ್ನು ತನಗೆ ಇಟ್ಟುಕೊಂಡಳು. ಬೆತಿಯಾಗೆ ಎರಡು, ಸ್ಮೀಟನ್‌ಗೆ ಒಂದು, ಲೋರಿಗೆ ಕೊನೆಯ ಎರಡು.

ಮೊದಲ ಐದು ನಿಮಿಷ ಎಲ್ಲರೂ ಚೀಟಿ ಮಗುಚಿದರು. ಆಮೇಲೆ ಸ್ಮೀಟನ್ ಮೂಗಿನಲ್ಲಿ ನಕ್ಕನು. 1563ರಲ್ಲಿ ಒಬ್ಬ ರೊಟ್ಟಿಯಂಗಡಿಯವನು ಭಾನುವಾರ ಚರ್ಚಿಗೆ ಹೋಗುವ ಬದಲು ಹೆಂಡದಂಗಡಿಗೆ ಹೋಗಿ, ಅಲ್ಲಿ ನಿಂತು ದೇವರ ಸ್ತೋತ್ರಗಳನ್ನು ಪೂರ್ತಿ ಹಾಡಿದ್ದನು. ಅವನಿಗೆ ಎಷ್ಟು ದಂಡ ಹಾಕುವುದೆಂದು ಸಭೆ ಮೂರು ದಿನ ಚರ್ಚಿಸಿತ್ತು. ಬೆತಿಯಾಗೆ ಸಿಕ್ಕಿದ ಚೀಟಿಯಲ್ಲಿ ಜಾನೆಟ್ ಎಂಬವಳು ನೆರೆಯವನನ್ನು ಬೆಳಗಿನಿಂದ ಸಂಜೆಯ ತನಕ ಬೈದಳೆಂದು ದೂರು. ನಡುವೆ ಊಟಕ್ಕೆ ನಿಲ್ಲಿಸಿದ್ದಳೆಂದು ಸಾಕ್ಷಿ.

“ಇವಳು ನಿನ್ನ ತವರಿನ ಕಡೆಯೋಳೇ,” ಎಂದನು ಲೋರಿ.

“ಅಲ್ಲ. ನಮ್ಮ ಕಡೆಯೋರು ಊಟಕ್ಕೆ ನಿಲ್ಲಿಸಲ್ಲ.”

ಸಾವಿನ ಮನೆಯೆಂಬುದನ್ನು ಮರೆತು ನಾಲ್ವರೂ ನಕ್ಕರು. ಪಕ್ಕದ ಕೋಣೆಯಲ್ಲಿ ಎಬೆನ್ ಹೊಸ ಅಂಗಿ ತೊಟ್ಟು ಮಲಗಿದ್ದನು; ನಡುವಿನ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಸ್ಮೀಟನ್ ಕಣ್ಣೊರೆಸಿಕೊಂಡು ಹಳೆಯ ಮಾತೊಂದನ್ನು ತೆಗೆದನು. ಇಪ್ಪತ್ತೆರಡು ವರ್ಷಗಳ ಹಿಂದೆ ಆಗಿನ ಪಾದ್ರಿ ಒಮ್ಮೆ ಬಂದರಿನ ಕಟ್ಟೆಯ ಮೇಲೆ, ಹತ್ತು ಜನರ ಮುಂದೆ, ಮಿಸ್ ಡನ್ಸೈರ್ ನಿಮಗೆ ಏನಾಗಬೇಕೆಂದು ಎಬೆನ್‌ನನ್ನು ಕೇಳಿದ್ದರಂತೆ.

“ಅದಕ್ಕವನು ತಕ್ಕಡಿಯಿಂದ ಕಣ್ಣು ತೆಗೀಲಿಲ್ಲ. ‘ಗುರುವಾರ’ ಅಂದ. ಅಷ್ಟೇ. ಪಾದ್ರಿ ಮತ್ತೆ ಕೇಳಲಿಲ್ಲ.”

ಎಫಿ ಆ ಮಾತನ್ನು ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಕೇಳಿದಳು. ಅವಳು ಚೀಟಿಗಳ ಮೇಲೆ ಇನ್ನಷ್ಟು ಬಾಗಿದಳು.

ಲೋರಿ ಮಾತ್ರ ಈ ಸಲ ನಗಲಿಲ್ಲ. ಏಳನೆಯ ಪೆಟ್ಟಿಗೆಯ ಹಿಂಬದಿಯಲ್ಲಿ ಅವನ ಬೆರಳು ಒಂದು ಗಟ್ಟಿ ಕಾಗದಕ್ಕೆ ತಾಗಿ ನಿಂತಿತ್ತು. ಅವನು ಅದನ್ನು ಅರ್ಧ ಎತ್ತಿ ಓದಿದನು. ಉಳಿದ ಮೂವರ ಕಣ್ಣುಗಳು ಅವರವರ ಪೆಟ್ಟಿಗೆಗಳಲ್ಲಿದ್ದವು. ಬಿಟ್ಟರೆ ಕಾರ್ಡು ತಾನಾಗಿ ಕೆಳಕ್ಕೆ ಜಾರುತ್ತಿತ್ತು.

*

1968ರಲ್ಲಿ ಎಫಿ ಒಂದು ಕಡತದಿಂದ, ಲೆಕ್ಕಕ್ಕಿಲ್ಲದ ಆ ಒಂದು ಚೀಟಿಯನ್ನು ಇಳಿಸಿಕೊಂಡಿದ್ದಳು. 1584ರದು. ಮೇರಿಯನ್ ಗೂರ್ಲೆ ಎಂಬವಳು ಒಬ್ಬ ಕುರುಡು ನಾವಿಕನನ್ನು ಒಂಬತ್ತು ವರ್ಷ ಪ್ರತಿದಿನ ಕೈಹಿಡಿದು ಬಂದರಿಗೆ ಕರೆತರುತ್ತಿದ್ದಳು. ಅವನು ಸತ್ತ ಮೇಲೆ, ಆಕೆ ಅವನಿಗೆ ಏನಾಗಬೇಕೆಂದು ಸಭೆ ವಿಚಾರಿಸಿತು. ಗುಮಾಸ್ತ ‘ಅವನಿಗೆ ಅವಳು’ ಎಂದು ಬರೆದಿದ್ದನು. ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟದಲ್ಲಿ ಹಂದಿಗಳ ವಿಚಾರ.

ಒಂದು ಹಾಳೆ ಕಳೆದುಹೋಗಿದೆಯೆಂದನು ಎಬೆನ್. ಅಪೂರ್ಣ ವಾಕ್ಯ, ಲೆಕ್ಕಕ್ಕೆ ಬಾರದು.

ಎಫಿ ಕಡತವನ್ನು ಮಗುಚಿ ಹೊಲಿಗೆ ನೋಡಿದಳು. ಹೊಲಿಗೆಯ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಲವತ್ತೆಂಟು ಹಾಳೆ, ಎಲ್ಲವೂ ಜೋಡಿ ಜೋಡಿಯಾಗಿ, ಒಂದೂ ಹರಿದಿಲ್ಲ.

“ಏನೂ ಕಳೆದಿಲ್ಲ, ಎಬೆನ್. ಅಷ್ಟೇ ಬರೆದಿದಾನೆ. ಅಷ್ಟೇ ಇದ್ದದ್ದು.”

“ಹಾಗಾದ್ರೆ ಗುಮಾಸ್ತನಿಗೆ ಊಟದ ಹೊತ್ತಾಗಿತ್ತು.”

“ನೀನೂ ಗುಮಾಸ್ತನೇ ತಾನೇ. ಊಟಕ್ಕೆ ಅಂತ ಎಂದಾದ್ರೂ ತೂಕ ಅರ್ಧಕ್ಕೆ ಬಿಟ್ಟಿದೀಯಾ?”

ಎಬೆನ್ ಆ ಚೀಟಿಯನ್ನು ಎಡಿನ್‌ಬರೋಗೆ ಕಳುಹಿಸಲಿಲ್ಲ. ಯೋಚಿಸಿ ಹೇಳುತ್ತೇನೆಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಏಳನೆಯ ಪೆಟ್ಟಿಗೆಯ ಹಿಂದೆ, ಬೇರೆಯಾಗಿ, ನಿಲ್ಲಿಸಿದನು. ಹೊಸ ಚೀಟಿ ಬಂದಾಗಲೆಲ್ಲ ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿಟ್ಟ, ಏಳೂ ಪೆಟ್ಟಿಗೆಗಳ ಮೊತ್ತವನ್ನು ಅವನು ತಿದ್ದುತ್ತಿದ್ದನು. ಈ ಒಂದನ್ನು ಕೂಡಿಸಲಿಲ್ಲ. ಚಳಿಗಾಲಕ್ಕೊಮ್ಮೆಯಾದರೂ ಎಫಿ ಜ್ಞಾಪಿಸುತ್ತಿದ್ದಳು. ‘ನೀನು ನನಗೊಂದು ಉತ್ತರ ಬಾಕಿ ಇಟ್ಟುಕೊಂಡಿದೀಯ’ ಎಂಬುದು ಅವಳ ಮಾತು. ‘ಯೋಚಿಸ್ತಿದೀನಿ’ ಎಂಬುದು ಅವನದು. ಹೀಗೆ ಹದಿನೈದು ವರ್ಷ.

*

“ಎಂಟು,” ಎಂದನು ಲೋರಿ.

ಅವನು ಕಾರ್ಡನ್ನು ಮೇಜಿನ ಮೇಲೆ, ಏಳರ ಎಡಕ್ಕೆ ಇಟ್ಟನು. ಬೆತಿಯಾ ಬಾಗಿ ಓದಿದಳು: “‘ಒಂದು. ತಲೆಯ ಕಡೆ. ಯೂಫೀಮಿಯ ಡನ್ಸೈರ್. ನನಗೆ.’” ಅವಳು ಹಿಂಬದಿ ತಿರುಗಿಸಿ ನೋಡಿದಳು, ಖಾಲಿ. “ಏನಾಗಬೇಕು ಅಂತ ಬರೆಯೋದು ಮರೆತಿದಾರೆ.”

ಎಫಿ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಗುಂಡುಸೂಜಿಯಿಂದ ಅದಕ್ಕೆ ಚುಚ್ಚಿದ್ದುದು ಮೇರಿಯನ್ನಳ ಚೀಟಿ. ಅದರ ಮೂಲೆಯಲ್ಲಿ, ತೂಕದ ಪುಸ್ತಕದಲ್ಲಿ ಬರೆಯುತ್ತಿದ್ದ ಅದೇ ನೇರ ಅಕ್ಷರದಲ್ಲಿ, ಪೆನ್ಸಿಲಿನಿಂದ ಬರೆದಿತ್ತು: ‘ಪೂರ್ಣ. ಕೂಡಿಸಿ.’

“ಮರೆತಿಲ್ಲ,” ಎಂದಳು ಎಫಿ. “ಮುಗಿದಿದೆ.”

ಲೋರಿ ಕಿಟಕಿಯ ಹೊರಗೆ ನೋಡುತ್ತ ನಿಂತನು. ಹೆಂಗಸರು ಹುರಿ ಹಿಡಿದದ್ದನ್ನು ಕಿಲ್‌ಡಾರ್ನಿ ಕಂಡಿರಲಿಲ್ಲ. ದೋಣಿಯವರೆಲ್ಲ ಏನೆನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಕೊನೆಗೆ ಸ್ಮೀಟನ್‌ನನ್ನು ಒಂದೇ ಪ್ರಶ್ನೆ ಕೇಳಿದನು: ಆಕೆಗೆ ಭಾರವಾಗುತ್ತದೆಯೇ ಎಂದು. ಎಬೆನ್ ತೂಕದಲ್ಲಿ ಎಂದೂ ಮೋಸ ಮಾಡಿದವನಲ್ಲ, ಎಂಟರಲ್ಲಿ ಒಂದು ಪಾಲಷ್ಟೇ ಬರುತ್ತದೆ ಎಂದನು ಸ್ಮೀಟನ್.

ಹನ್ನೆರಡು ಗಂಟೆಗೆ ಗುಡ್ಡದ ಸ್ಮಶಾನದಲ್ಲಿ ಬಿಸಿಲಿತ್ತು, ಗಾಳಿಯಿತ್ತು. ಎಫಿ ಟೋಪಿ ಹಾರದಂತೆ ಅದನ್ನು ಬಲೆಯ ದಾರದಿಂದ ಗಲ್ಲಕ್ಕೆ ಕಟ್ಟಿಕೊಂಡಿದ್ದಳು. ಸ್ಮೀಟನ್ ‘ಒಂದು’ ಎಂದು ಕೂಗಿದಾಗ ಹಿಂದೆ ನಿಂತಿದ್ದ ಗಂಡಸರಲ್ಲಿ ಸಣ್ಣ ಗುಜುಗುಜು ಎದ್ದಿತು. ಕಾಲಿನ ಕಡೆಯಿಂದ ಲೋರಿ ತಿರುಗಿ ಒಮ್ಮೆ ನೋಡಿದನು, ಅದು ನಿಂತಿತು. ಎಂಟು ಜನ ಹುರಿ ಬಿಗಿ ಹಿಡಿದರು.

“ನಿಧಾನ, ಆಂಟಿ,” ಎಂದನು ಲೋರಿ. “ಬಲೆ ಎಳೆಯೋದಲ್ಲ ಇದು. ಬಿಡೋದು.”

“ನಿನಗೆ ಮೊದಲ ಗಂಟು ಹಾಕೋಕೆ ಕಲಿಸಿದವಳು ನಾನು ಕಣೋ. ನಿನ್ನ ಕಡೆ ನೋಡ್ಕೋ, ಎತ್ತರವಾಗಿದೆ.”

ಅವನ ಕಡೆ ನಿಜವಾಗಿಯೂ ಎತ್ತರವಾಗಿತ್ತು. ಪಾದ್ರಿ ಪುಸ್ತಕದ ಮರೆಯಲ್ಲಿ ನಕ್ಕರು. ಪೆಟ್ಟಿಗೆ ಸಮನಾಗಿ ಇಳಿದು ತಳ ಮುಟ್ಟಿತು. ಹುರಿಗಳು ಒಂದೊಂದಾಗಿ ಅದರ ಮೇಲೆ ಬಿದ್ದವು. ಏಳು ಬಿದ್ದ ಮೇಲೆ ಸ್ಮೀಟನ್ ಕಾದನು. ಅವಸರಿಸಲಿಲ್ಲ. ಕೊನೆಗೆ ತಲೆಯ ಕಡೆಯದೂ ಬಿದ್ದಿತು.

ಬಂದರಿನ ಸಭಾಂಗಣದಲ್ಲಿ ಮಾಂಸದ ಪೈ, ಆಲೂಗಡ್ಡೆ, ಗಂಡಸರಿಗೆ ವಿಸ್ಕಿ. ಜಾನೆಟ್ ಊಟಕ್ಕೆ ನಿಲ್ಲಿಸಿದ ಕತೆಯನ್ನು ಬೆತಿಯಾ ನಾಲ್ಕು ಮೇಜುಗಳಿಗೆ ಹೇಳಿಯಾಗಿತ್ತು. ಎಲ್ಲ ಮೇಜುಗಳಲ್ಲೂ ನಗು. ಹೊರಗೆ ಹೋಗಿದ್ದ ಲೋರಿ ಮರಳಿ ಬಂದು ತನ್ನ ಕೋಟಿನ ಒಳಗಿನಿಂದ ಏಳನೆಯ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ಎಫಿಯ ತಟ್ಟೆಯ ಪಕ್ಕದಲ್ಲಿಟ್ಟನು. ಜೇಬಿನಿಂದ ಒಂದು ತುಂಡು ಪೆನ್ಸಿಲನ್ನೂ ತೆಗೆದು ಕೊಟ್ಟನು.

ಮುಚ್ಚಳ ಹಳೆಯದು, ಬಾಗಿತ್ತು. ಅದು ಅಲುಗದಂತೆ ಲೋರಿ ಎರಡು ಹೆಬ್ಬೆರಳುಗಳಿಂದ ಒತ್ತಿ ಹಿಡಿದನು. ಎಫಿ 1,183ರ ಮೇಲೆ ಒಂದು ಗೆರೆ ಎಳೆದು ಕೆಳಗೆ 1,184 ಎಂದು ಬರೆದಳು. ಅವಳ ಬೆರಳಿನ ತುದಿಯಲ್ಲಿ ಗುಡ್ಡದ ಮಣ್ಣು ಇನ್ನೂ ಹಸಿಯಾಗಿತ್ತು. ನಾಲ್ಕರ ಪಕ್ಕದಲ್ಲಿ ಅದರ ಗುರುತು ಬಿದ್ದಿತು. ಅವಳು ಅದನ್ನು ಒರೆಸಲಿಲ್ಲ.