ಒಂಬತ್ತು ಮೈಕ್ರಾನ್ ಗಂಧ

"ಅಲ್ಲ, ಇಲ್ಲಿಂದ ಅಳೆದು ಕಳಿಸಿದ್ದು ದಾರಿಯಲ್ಲಿ ದಪ್ಪ ಆಗ್ತದಾ?"

ಯಜ್ಞೇಶ್ವರ ಆಚಾರ್ಯರು ಇದನ್ನು ಯಾರಲ್ಲೂ ಕೇಳಿದ್ದಲ್ಲ. ಮುಖ ಶೀಟಿನ ಮಾಡಿನ ಕಡೆಗಿತ್ತು. ಕೈಯಲ್ಲಿ ಕನ್ನಡಿಯಂತೆ ಹೊಳೆಯುವ, ಹೆಬ್ಬೆರಳಿಗಿಂತ ಚೂರು ದಪ್ಪದ ಉಕ್ಕಿನ ತುಂಡು. ಅಡಿಕೆಗೆ ಮದ್ದು ಬಿಡುವ ಪಂಪಿನ ಹೊಟ್ಟೆಯೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಪ್ಲಂಜರ್ ಅದು. ಕಬಕದ ಈ ವರ್ಕ್‌ಶಾಪಿನಿಂದ ಮಂಗಳೂರಿನ ಪಂಪಿನ ಕಂಪೆನಿಗೆ ಹೋಗಿದ್ದ ಇನ್ನೂರು ಪ್ಲಂಜರುಗಳೂ ಬೆಳಿಗ್ಗೆ ಟೆಂಪೋ ಹತ್ತಿ ವಾಪಸು ಬಂದಿದ್ದವು. ಒಂದು ವರ್ಷದಲ್ಲಿ ಇದು ಮೂರನೆಯ ಸಲ. ದೂರೂ ಪ್ರತಿ ಸಲ ಅದೇ: ದಪ್ಪ ಹೆಚ್ಚು, ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ.

ಹೆಚ್ಚು ಎಂದರೆ ಎಂಟೊಂಬತ್ತು ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂಬತ್ತು ಪಾಲು. ತಲೆಕೂದಲನ್ನು ಉದ್ದಕ್ಕೆ ಎಂಟಾಗಿ ಸೀಳಲು ಯಾರಿಗಾದರೂ ಬಂದರೆ, ಅದರ ಒಂದು ಎಳೆಯಷ್ಟು.

"ಮಂಗಳೂರಿನ ಸೆಕೆಗೆ ಉಬ್ಬಿರ್ಬೇಕು ಯಜ್ಞಣ್ಣ," ಎಂದ ಮಿಲ್ಲಿಂಗ್ ಮಿಷನಿನ ಕೌಶಲ್. "ನಮ್ಮ ಭಾವ ಅಲ್ಲಿಗೆ ಹೋಗಿ ಆರು ತಿಂಗಳಲ್ಲಿ ಬಾಗಿಲಲ್ಲಿ ಹಿಡಿಯುದಿಲ್ಲ ಈಗ."

ಯಜ್ಞಣ್ಣ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಲೀಕರು ಅಬೂಬಕರ್ ಹಾಜಿಯವರೂ ನಗಲಿಲ್ಲ. "ಇನ್ನೊಮ್ಮೆ ವಾಪಸು ಬಂದರೆ ಆರ್ಡರೇ ಇಲ್ಲ ಅಂತ ಹೇಳಿದ್ದಾರೆ," ಎಂದಷ್ಟೇ ಹೇಳಿ ಆಫೀಸಿನೊಳಗೆ ಹೋದರು.

ಕಿಟಕಿಯ ಬಳಿ ಸುಪ್ರಿತಾ ಅರದಿಂದ ಕಬ್ಬಿಣ ಉಜ್ಜುವುದನ್ನು ನಿಲ್ಲಿಸದೆ ಇದೆಲ್ಲವನ್ನೂ ಕೇಳಿಸಿಕೊಂಡಳು. ಮಾತು ಕಡಿಮೆ, ಕಿವಿ ಹೆಚ್ಚು, ಚಿಕ್ಕಂದಿನಿಂದಲೂ ಹಾಗೆಯೇ.

ಅವಳು ಇಲ್ಲಿಗೆ ಅಪ್ರೆಂಟಿಸ್ ಆಗಿ ಸೇರಿ ಇಪ್ಪತ್ತು ದಿನವಾಗಿತ್ತು. ಪಂಜದಿಂದ ಬೆಳಿಗ್ಗೆ ಆರೂವರೆಯ ಬಸ್ಸು, ಪುತ್ತೂರಿನಲ್ಲಿ ಇಳಿದು ಕಬಕಕ್ಕೆ ಇನ್ನೊಂದು. ಮೊದಲ ದಿನವೇ ಹಾಜಿಯವರು ಕುರ್ಚಿ ತೋರಿಸಿದ್ದರು. "ನೋಡು ಮಗಳೇ, ಆಫೀಸಿನಲ್ಲಿ ಬಿಲ್ ಬರೀಲಿಕ್ಕೆ ಒಂದು ಜನ ಬೇಕು. ಫ್ಯಾನ್ ಉಂಟು, ಕೈ ಮಸಿ ಆಗುದಿಲ್ಲ."

"ಬಿಲ್ ಬರೀಲಿಕ್ಕೆ ನಾನು ಎರಡು ವರ್ಷ ಟರ್ನರ್ ಕೆಲಸ ಕಲಿತದ್ದಲ್ಲ ಹಾಜಿಯವರೇ."

ಹಾಜಿಯವರು ಗಡ್ಡ ನೀವಿಕೊಂಡು ಅವಳನ್ನು ಯಜ್ಞಣ್ಣನ ಮುಂದೆ ನಿಲ್ಲಿಸಿದರು. ವರ್ಕ್‌ಶಾಪಿನಲ್ಲಿ ಯಾರು ಯಾವ ಮಿಷನ್ ಮುಟ್ಟಬೇಕು ಎಂಬುದು ಯಜ್ಞಣ್ಣನ ಮಾತು. ಹಾಜಿಯವರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಯಜ್ಞಣ್ಣ ಒಂದು ಒರಟು ಕಬ್ಬಿಣದ ಗಟ್ಟಿ, ಒಂದು ಅರ ಕೊಟ್ಟರು.

"ಆರು ಮುಖವೂ ಸಮ ಆಗ್ಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಅಡಿಯಲ್ಲಿ ಬೆಳಕು ಕಾಣ್ಬಾರ್ದು."

"ನಾನು ಲೇತ್‌ನಲ್ಲಿ ಕೆಲಸ ಮಾಡಿದ್ದೇನೆ ಯಜ್ಞಣ್ಣ."

"ಶಾಲೆಯ ಲೇತ್ ಮಾರ್ಕಿಗೆ ತಿರುಗುದು. ಇದು ಅನ್ನಕ್ಕೆ ತಿರುಗುದು. ಮೊದಲು ಉಜ್ಜು."

"ಒಂದು ವಾರ," ಎಂದು ಕೌಶಲ್ ಎಲ್ಲರಿಗೂ ಕೇಳುವ ಹಾಗೆ ಭವಿಷ್ಯ ಹೇಳಿದ. "ಕೈಯಲ್ಲಿ ಬೊಕ್ಕೆ ಬರ್ತದೆ, ಫ್ಯಾನಿನ ಅಡಿಗೆ ಹೋಗ್ತಾಳೆ."

ಬೊಕ್ಕೆ ಮೂರನೆಯ ದಿನಕ್ಕೇ ಬಂತು. ಸುಪ್ರಿತಾ ಬಟ್ಟೆ ಸುತ್ತಿಕೊಂಡು ಉಜ್ಜಿದಳು. ಒಂದು ಮುಖ ಸಮವಾದರೆ ಅದರ ನೆರೆಯದ್ದು ಓರೆ; ಅದನ್ನು ತಿದ್ದಿದರೆ ಮೊದಲಿನದು ಕೆಟ್ಟಿತು. ಕೌಶಲ್ ಹೇಳಿದ ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಬೊಕ್ಕೆ ಒಡೆದು ಅಂಗೈ ದಡ್ಡುಗಟ್ಟಿತು. ಫ್ಯಾನಿನ ಅಡಿಯ ಕುರ್ಚಿಯತ್ತ ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಈ ಹಟ ಅಜ್ಜನಿಂದ ಬಂದದ್ದು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಷಟ್ಪದಿ ಓದುತ್ತಿದ್ದರು. ಅವಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಎಲ್ಲಾದರೂ ಒಂದು ಮಾತ್ರೆ ಹೆಚ್ಚು ಬಿದ್ದರೆ ಅಜ್ಜ ಅಲ್ಲಿಗೇ ನಿಲ್ಲಿಸಿ, ಪದ್ಯವನ್ನು ತಲೆಯಿಂದ ಮತ್ತೆ ಎತ್ತಿಕೊಳ್ಳುವರು. ಕೇಳುತ್ತಿದ್ದವರಿಗೆ ತಪ್ಪಿದ್ದೇ ಗೊತ್ತಾಗಿರುತ್ತಿರಲಿಲ್ಲ. "ದೇವರ ಎದುರು ಓದುದು. ಅಂದಾಜಿಗೆ ಓದ್ಲಿಕ್ಕೆ ಆಗುದಿಲ್ಲ," ಎನ್ನುತ್ತಿದ್ದರು. ಅಜ್ಜ ಹೋಗಿ ನಾಲ್ಕು ವರ್ಷವಾದರೂ ಬೆಳಿಗ್ಗೆ ಗಂಧ ತೇದು ದೇವರಿಗಿಡುವ ಕೆಲಸವನ್ನು ಅವಳು ಒಂದು ದಿನವೂ ಬಿಟ್ಟಿರಲಿಲ್ಲ.

ಹದಿನೆಂಟನೆಯ ದಿನ ಯಜ್ಞಣ್ಣ ಆ ಗಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಲೆಮಟ್ಟ ಇಟ್ಟು ಆರು ಮುಖವನ್ನೂ ನೋಡಿದ್ದರು. ಒಳ್ಳೆಯದಾಯಿತು ಎನ್ನಲಿಲ್ಲ. ಗಟ್ಟಿಯನ್ನು ಅವಳ ಕೈಗೇ ಹಾಕಿ, "ದಶಮಿಯ ಬೆಳಿಗ್ಗೆ ನಿನ್ನ ಕೈಯಲ್ಲಿ ಲೇತ್ ಮುಟ್ಟಿಸ್ತೇನೆ. ವಿದ್ಯೆಗೆ ಒಳ್ಳೆ ದಿನ," ಎಂದರು. ಆವತ್ತು ಪಂಜದವರೆಗೂ ಅವಳು ಬಸ್ಸಿನಲ್ಲಿ ನಿಂತೇ ಹೋದಳು. ಪಕ್ಕದ ಸೀಟು ಖಾಲಿ ಇದ್ದದ್ದು ಇಳಿಯುವಾಗ ಕಂಡಿತು.

ಪ್ಲಂಜರುಗಳು ವಾಪಸು ಬಂದ ಮರುದಿನ ನವರಾತ್ರಿಯ ಆರನೆಯ ದಿನ. ಆಯುಧ ಪೂಜೆಗೆ ಮೊದಲು ಇಡೀ ವರ್ಕ್‌ಶಾಪನ್ನು ಒರಸಿ ತೊಳೆಯುವ ಕ್ರಮ. ಗಂಡಸರು ಲೇತ್, ಗ್ರೈಂಡಿಂಗ್ ಮಿಷನ್ ಹಿಡಿದರು. ಸುಪ್ರಿತಾಳ ಪಾಲಿಗೆ ಒಂದು ಮರದ ಪೆಟ್ಟಿಗೆ ಬಂತು.

"ನಿನಗೆ ಒಡವೆ ಪೆಟ್ಟಿಗೆ," ಎಂದ ಕೌಶಲ್.

ಒಳಗೆ ಮಖಮಲ್ಲಿನ ಕುಳಿಗಳಲ್ಲಿ ಸಾಲಾಗಿ ಉಕ್ಕಿನ ಬಿಲ್ಲೆಗಳು. ಸ್ಲಿಪ್ ಗೇಜ್ ಎನ್ನುತ್ತಾರೆ. ಅಳೆಯುವ ಮೈಕ್ರೋಮೀಟರ್ ಸರಿ ಉಂಟೋ ಇಲ್ಲವೋ ಎಂದು ನೋಡುವುದು ಇವುಗಳ ಮೇಲೆ. ಪಂಪಿನ ಆರ್ಡರ್ ಸಿಕ್ಕಿದಾಗ, ಹೋದ ವರ್ಷದ ಬೇಸಿಗೆಯಲ್ಲಿ, ಹಾಜಿಯವರು ಕೊಂಡು ತಂದದ್ದು. ಪ್ಲಂಜರಿನ ದಪ್ಪ ಇಪ್ಪತ್ತೈದು ಮಿಲಿಮೀಟರ್ ಆದ್ದರಿಂದ ಇಪ್ಪತ್ತೈದರ ಬಿಲ್ಲೆಗೇ ಇಲ್ಲಿ ಎಲ್ಲಿಲ್ಲದ ಮರ್ಯಾದೆ. ಯಜ್ಞಣ್ಣ ಅದನ್ನು 'ಯಜಮಾನ' ಎಂದೇ ಕರೆಯುವುದು.

ಬಿಲ್ಲೆಗಳನ್ನು ಒಂದೊಂದಾಗಿ ಪೆಟ್ರೋಲಿನಲ್ಲಿ ಒರಸುತ್ತ ಬಂದು ಯಜಮಾನನನ್ನು ಎತ್ತಿದಾಗ ಅವಳ ಕೈ ನಿಂತಿತು. ಮುಖದ ಸರೀ ನಡುವಿನಲ್ಲಿ ಉದ್ದಿನ ಕಾಳಿನಷ್ಟು ಕಂದು ಕಲೆ. ಉಗುರು ಆಡಿಸಿದರೆ ತಡೆಯುತ್ತಿತ್ತು. ಕಲೆಯ ಸುತ್ತ ತಿಳಿ ಹಳದಿಯ ಒಂದು ಬಳೆ, ಒಂದು ಬದಿಗೆ ಸ್ವಲ್ಪ ಎಳೆದುಕೊಂಡ ಹಾಗೆ.

ಈ ಆಕಾರ ಅವಳಿಗೆ ಗೊತ್ತು. ದಿನಾ ಬೆಳಿಗ್ಗೆ ದೇವರ ಪಟಕ್ಕೆ ಉಂಗುರಬೆರಳಿನಿಂದ ಅವಳು ಇಡುವ ಗಂಧದ ಬೊಟ್ಟು ಹೀಗೆಯೇ ಇರುವುದು. ಬೆರಳು ಎತ್ತುವಾಗ ಒಂದು ಬದಿಗೆ ಎಳೆದುಕೊಳ್ಳುತ್ತದೆ.

ಹತ್ತರ ಬಿಲ್ಲೆಯನ್ನೂ ಹದಿನೈದರದ್ದನ್ನೂ ಒಂದರ ಮೇಲೊಂದು ಇಟ್ಟು ಒತ್ತಿ ತಿರುಗಿಸಿದಳು. ಅಂಟು ಹಾಕಿದ ಹಾಗೆ ಹಿಡಿದುಕೊಂಡವು. ಆ ಜೋಡಿಯನ್ನು ದಪ್ಪದ ವ್ಯತ್ಯಾಸ ತೋರಿಸುವ ಡಯಲಿನ ಅಡಿಗೆ ತಳ್ಳಿ ಮುಳ್ಳನ್ನು ಸೊನ್ನೆಗೆ ತಂದಳು. ಜೋಡಿಯನ್ನು ತೆಗೆದು ಯಜಮಾನನನ್ನು ತಳ್ಳಿದಳು. ಎರಡೂ ಇಪ್ಪತ್ತೈದೇ ಆಗಬೇಕಿತ್ತು. ಕಲೆ ಡಯಲಿನ ಅಡಿಗೆ ಬಂದಾಗ ಮುಳ್ಳು ಒಂಬತ್ತು ಮನೆ ಮೇಲೆ ಏರಿತು; ಮನೆಗೆ ಒಂದು ಮೈಕ್ರಾನ್.

ಮೂರು ಸಲ ಮಾಡಿದಳು. ಮೂರು ಸಲವೂ ಒಂಬತ್ತು. ಈ ಬಿಲ್ಲೆಗೆ ಸರಿ ಮಾಡಿದ ಮೈಕ್ರೋಮೀಟರಿಗೆ ಒಂಬತ್ತು ಮೈಕ್ರಾನ್ ಹೆಚ್ಚಿದ ಪ್ಲಂಜರೂ ಇಪ್ಪತ್ತೈದೇ ಎಂದು ಕಾಣುತ್ತದೆ.

ಹಾಜಿಯವರ ಬಳಿಗೆ ಹೋಗಲಿಲ್ಲ. ಕಲಿಸುವವರ ತಲೆಯ ಮೇಲಿಂದ ಹೋಗುವುದು ಸರಿಯಲ್ಲ ಎಂದುಕೊಂಡು ಯಜ್ಞಣ್ಣನನ್ನೇ ಕರೆದು ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಮಳೆಗಾಲದ ತೇವ," ಎಂದರು.

"ತೇವ ಆದರೆ ಬೇರೆ ಬಿಲ್ಲೆಗೂ ಬರ್ಬೇಕಿತ್ತಲ್ಲ ಯಜ್ಞಣ್ಣ? ಇದರದ್ದು ನಡುವಲ್ಲಿ ಮಾತ್ರ ಉಂಟು."

"ನೀನು ಎಂತ ಹೇಳುದು?"

"ಹೋದ ವರ್ಷದ ಪೂಜೆಯ ನಂತರವೇ ಮಾಲು ವಾಪಸು ಬರ್ಲಿಕ್ಕೆ ಶುರುವಾದದ್ದಂತೆ. ಆ ಪೂಜೆಗೆ ಇದಕ್ಕೆ ಗಂಧ ಹಚ್ಚಿದ್ದೀರಾ?"

ಯಜ್ಞಣ್ಣ ಬಿಲ್ಲೆಯನ್ನು ಮೆಲ್ಲಗೆ ಕುಳಿಯಲ್ಲಿಟ್ಟರು. "ಗಂಧ ಹಚ್ಚಿ ಕೆಟ್ಟವರನ್ನು ನಾನು ನೋಡಿಲ್ಲ. ನೀನು ಇಲ್ಲಿಗೆ ಬಂದು ಇಪ್ಪತ್ತೊಂದು ದಿನ," ಎಂದು ಹೇಳಿ ಹೋದರು.

ಡಯಲಿನ ಬಳಿ ಕೌಶಲ್ ಇದ್ದ. ಅವನ ಬಾಯಿಗೆ ಬೀಗ ಹಾಕುವವರು ಕಬಕದಲ್ಲಿ ಹುಟ್ಟಿಲ್ಲ. ಊಟದ ಹೊತ್ತಿಗೆ ಹಾಜಿಯವರೇ ಬಂದು ಮುಳ್ಳು ಒಂಬತ್ತು ಮನೆ ಏರುವುದನ್ನು ಕಣ್ಣಾರೆ ನೋಡಿದರು. ಮಾರನೆಯ ದಿನ ಹೊಸ ಇಪ್ಪತ್ತೈದರ ಬಿಲ್ಲೆ ಬಂತು. ಯಜ್ಞಣ್ಣ ಎರಡು ದಿನ ನಿಂತು ಇನ್ನೂರು ಪ್ಲಂಜರುಗಳನ್ನೂ ಹೊಸ ಅಳತೆಗೆ ಗ್ರೈಂಡಿಂಗ್ ಹಿಡಿದರು. ಸಿಲಿಂಡರಿನೊಳಗೆ ಎಲ್ಲವೂ ಸರಿಯಾಗಿ ಕೂತವು. "ಹಳೆ ಬಿಲ್ಲೆ ಸವೆದಿತ್ತು," ಎಂಬುದು ಅವರ ತೀರ್ಪು. ಸವೆದದ್ದು ದಪ್ಪ ಆಗುವುದು ಹೇಗೆ ಎಂದು ಕೌಶಲ್ ಕೂಡ ಕೇಳಲಿಲ್ಲ.

ಪೆಟ್ಟಿಗೆಯ ಬೀಗದ ಕೀಯನ್ನು ಹಾಜಿಯವರು ಸುಪ್ರಿತಾಳ ಕೈಗೆ ಕೊಟ್ಟರು. "ಇನ್ನು ಇದು ನಿನ್ನ ಹತ್ರ ಇರ್ಲಿ."

"ಪೂಜೆಯ ದಿನ?"

ಹಾಜಿಯವರು ಬಾಗಿಲ ಕಡೆ ನೋಡಿದರು. "ಪ್ರತಿ ವರ್ಷ ಹೂವು, ಲಾಡು ತರುದು ನಾನೇ. ತಂದು ಹೊಸ್ತಿಲಲ್ಲಿ ನಿಲ್ತೇನೆ. ಯಾವುದಕ್ಕೆ ಗಂಧ ಹಚ್ಚಿ, ಯಾವುದಕ್ಕೆ ಬೇಡ ಅಂತ ನಾನು ಹೇಳುದು ಚಂದ ಅಲ್ಲ ಮಗಳೇ. ನಾಳೆ ಅದು ಬೇರೆಯೇ ಮಾತಾಗ್ತದೆ."

"ನೀವು ಹೇಳುದು ಬೇಡ," ಎಂದಳು ಸುಪ್ರಿತಾ.

ಪೂಜೆಯ ದಿನ ಅವಳು ಬೆಳಿಗ್ಗೆ ಬೇಗ ಎದ್ದು ಮಿಂದು, ಗಂಧ ತೇದು, ಹಿತ್ತಾಳೆಯ ಬಟ್ಟಲಿನಲ್ಲಿ ತುಂಬಿ, ಬಾಳೆಲೆ ಕಟ್ಟಿ, ಎರಡು ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದಳು. ಯಜ್ಞಣ್ಣ ಅದನ್ನು ಮೂಸಿ, "ಒಳ್ಳೆ ಗಂಧ. ಯಾರು ತೇದದ್ದು?" ಎಂದರು.

"ನಾನೇ."

ಅವರ ಮುಖ ಸ್ವಲ್ಪ ಸಡಿಲಾಯಿತು. ಬಿಳಿ ಪಂಚೆ ಉಟ್ಟು, ಲೇತ್‌ಗಳ ಹಣೆಗೆ ಗಂಧ ಕುಂಕುಮ ಇಟ್ಟು, ಗೊಂಡೆ ಹೂವಿನ ಮಾಲೆ ಹಾಕಿದರು. ಮಿಲ್ಲಿಂಗ್ ಮಿಷನಿಗೆ, ಗ್ರೈಂಡಿಂಗಿಗೆ, ಹಾಜಿಯವರ ಸ್ಕೂಟರಿಗೂ ಆಯಿತು. ಸುಪ್ರಿತಾಳ ಅರಕ್ಕೂ ಒಂದು ಬೊಟ್ಟು ಬಿತ್ತು. ಅವಳು ಕೈ ಮುಗಿದಳು. ಮಾತ್ರೆ ತಪ್ಪದ ಹಾಗೆ ಮನಸ್ಸಿನಲ್ಲೇ ಒಂದು ಪದ್ಯ ಹೇಳಿಕೊಂಡಳು. ಹಾಜಿಯವರು ಲಾಡಿನ ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿದ್ದರು.

ಬೆಂಚಿನ ಮೇಲೆ ಬಾಳೆಲೆ ಹಾಸಿ ಒಂದು ಜಾಗ ಖಾಲಿ ಬಿಟ್ಟಿದ್ದರು.

"ಯಜಮಾನ ಎಲ್ಲಿ?" ಎಂದರು ಯಜ್ಞಣ್ಣ. "ಪೆಟ್ಟಿಗೆ ತಾ."

ಸುಪ್ರಿತಾ ಕಪಾಟಿನಿಂದ ಹೊಸ ಯಜಮಾನನಿದ್ದ ಪೆಟ್ಟಿಗೆ ತಂದಳು. ಬಾಳೆಲೆಯ ಮೇಲೆ ಇಡಲಿಲ್ಲ; ಎರಡೂ ಕೈಯಲ್ಲಿ ಎದೆಗೆ ಹಿಡಿದು ನಿಂತಳು. ಬೀಗ ಹಾಕಿದ ಹಾಗೆಯೇ ಇತ್ತು.

"ಮುಚ್ಚಳಕ್ಕೆ ಹಚ್ಚಿ ಯಜ್ಞಣ್ಣ. ನಾನು ಹಿಡ್ಕೊಳ್ತೇನೆ."

"ದೇವರನ್ನು ಒಳಗೆ ಬಿಟ್ಟು ಬಾಗಿಲಿಗೆ ಗಂಧ ಹಚ್ಚಿ ಬರುವವರು ಉಂಟಾ?"

"ಗಂಧದಲ್ಲಿ ನೀರು ಉಂಟು. ಉಕ್ಕಿಗೆ ನೀರು ಬಿದ್ದರೆ ತುಕ್ಕು. ಆ ತುಕ್ಕು ಮೂರು ಸಲ ಮಾಲು ವಾಪಸು ತಂದಿತು."

"ನಾನು ಹಚ್ಚಿದ ಗಂಧ ಉಕ್ಕು ತಿಂದಿತು ಅಂತ ಊರಿಗೆಲ್ಲ ಹೇಳ್ಲಿಕ್ಕೆ ಹೊರಟಿದ್ದೀಯಾ?" ಯಜ್ಞಣ್ಣನ ಸ್ವರ ತಗ್ಗಿತು. ಕೋಪಕ್ಕಿಂತ ಬೇರೆ ಏನೋ ಅದರಲ್ಲಿತ್ತು. "ತೇದು ತಂದವಳೂ ನೀನೇ. ತಡೆಯುವವಳೂ ನೀನೇ."

"ಹಚ್ಚುವಲ್ಲಿ ಹಚ್ಚಲಿಕ್ಕೆ ತಂದದ್ದು."

"ಕೊಡು ಮಾರಾಯ್ತಿ, ಒಂದು ಬೊಟ್ಟು, ಈಗಲೇ ಒರಸಿದರಾಯ್ತು," ಎಂದು ಕೌಶಲ್ ಗೊಣಗಿದ. "ಆರತಿಗೆ ಹೊತ್ತಾಯ್ತು."

"ಹೋದ ವರ್ಷ ಯಾರು ಒರಸಿದ್ದು?" ಎಂದು ಸುಪ್ರಿತಾ ಅವನನ್ನೇ ಕೇಳಿದಳು. ಕೌಶಲ್ ಕರ್ಪೂರದ ಕಡೆ ನೋಡಿದ.

ಹೊಸ್ತಿಲಲ್ಲಿ ಹಾಜಿಯವರು ಲಾಡಿನ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದರು.

ಯಜ್ಞಣ್ಣ ಗಂಧದ ಬಟ್ಟಲನ್ನು ಕೆಳಗಿಡಲಿಲ್ಲ. ಉಂಗುರಬೆರಳು ಗಂಧದಲ್ಲಿ ಅದ್ದಿ ಹಾಗೆಯೇ ಇತ್ತು. "ನಾಳೆ ದಶಮಿ," ಎಂದರು. "ನಿನಗೆ ಲೇತ್ ಮುಟ್ಟಿಸ್ತೇನೆ ಅಂತ ಹೇಳಿದ್ದೆ. ನೆನಪುಂಟಾ?"

"ಉಂಟು."

"ಇಲ್ಲಿ ಲೇತ್ ಯಾರಿಗೆ ಅಂತ ಹೇಳುದು ನಾನು. ಅದೂ ಗೊತ್ತುಂಟಾ?"

"ಗೊತ್ತುಂಟು."

ಅವಳು ಮಾಲೆ ಹಾಕಿಕೊಂಡ ಲೇತನ್ನು ಒಮ್ಮೆ ನೋಡಿದಳು. ಅದರ ಹಿಡಿಕೆ ಯಾವ ಎತ್ತರಕ್ಕಿದೆ, ತನ್ನ ಮೊಣಕೈ ಎಲ್ಲಿಗೆ ಬರುತ್ತದೆ ಎಂಬುದನ್ನೆಲ್ಲ ಇಪ್ಪತ್ತು ದಿನ ಕಿಟಕಿಯ ಬಳಿಯಿಂದ ಲೆಕ್ಕ ಹಾಕಿಟ್ಟಿದ್ದಳು. ಪೆಟ್ಟಿಗೆಯ ಮೇಲಿನ ದಡ್ಡುಗಟ್ಟಿದ ಅಂಗೈ ಸಡಿಲಾಗಲಿಲ್ಲ.

"ಹಾಗಾದರೆ ಬೀಗ ತೆಗೆ. ಯಜಮಾನನನ್ನು ಕೊಡು."

"ಕೊಡುದಿಲ್ಲ."