ಬೂದು ಗಾಡಿಯೋ, ಬಿಳಿಯದೋ

ಗಾಜಿನಂಗಡಿಯವನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋದದ್ದು ಬಾಮೈದ ಗಾಡಿ ಓಡಿಸುತ್ತಿದ್ದ ದಿನ. ಹಳೆಯ ವ್ಯಾನಿನ ಹಿಂದೆ ಯಾರದೋ ಹೊಸ ಮನೆಯ ಕಿಟಕಿ ಗಾಜುಗಳಿದ್ದವು, ಪಕ್ಕದ ಸೀಟಿನಲ್ಲಿ ಇವನು ಕೂತಿದ್ದ. ತಿರುವಿನಲ್ಲಿ ಚಕ್ರ ಜಾರಿ ವ್ಯಾನು ಸೇತುವೆಯ ಕಟ್ಟೆಗೆ ಬಡಿಯಿತು. ಬಾಮೈದನಿಗೆ ಒಂದು ಗೀರೂ ಆಗಲಿಲ್ಲ.

ಅಂದಿನಿಂದ ಬಾಮೈದ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದ. ಸಂಜೆ ಅಕ್ಕನ ಮನೆಗೆ ಬಂದು ಸೋರುವ ನಲ್ಲಿ ಬಿಗಿ ಮಾಡುವುದು, ಆಸ್ಪತ್ರೆಯ ಸಾಲಿನಲ್ಲಿ ಭಾವನ ಬದಲು ನಿಲ್ಲುವುದು, ಕೃತಕ ಕಾಲಿನ ಪಟ್ಟಿ ಸವೆದರೆ ಹೊಸದು ತರುವುದು, ಎಲ್ಲ ಅವನದೇ. ಆ ದಿನದ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಗಾಜಿನವನೂ ಕೇಳಲಿಲ್ಲ. ಸಿಟ್ಟು ನುಂಗಿಕೊಂಡು ಕೂತಿದ್ದಾನೆ ಎಂದು ನೆಂಟರು ಮಾತಾಡಿಕೊಂಡರು. ನುಂಗಲು ಒಳಗೆ ಏನಾದರೂ ಇದ್ದರೆ ತಾನೆ? ಊಟಕ್ಕೆ ಉಪ್ಪು ಇದೆಯೋ ಇಲ್ಲವೋ ಎಂಬುದೂ ಅವನಿಗೆ ತಟ್ಟುತ್ತಿರಲಿಲ್ಲ. ಯಾರು ಏನು ಕೇಳಿದರೂ "ಹೂಂ" ಅನ್ನುತ್ತಿದ್ದ.

ಅಂಗಡಿ ಮತ್ತೆ ತೆರೆಯಬೇಕಾದಾಗ ಗಾಡಿಯ ಮಾತು ಬಂತು. ಬಾಮೈದ ಎರಡು ಎಲೆಕ್ಟ್ರಿಕ್ ಎಸ್‌ಯುವಿಗಳನ್ನು ಆರಿಸಿಕೊಂಡು ಅಡುಗೆಮನೆಯ ಮೇಜಿಗೆ ಬಂದು ಕೂತ.

"ಇದ್ರಲ್ಲಿ ಕ್ಲಚ್ಚೇ ಇಲ್ಲ ಭಾವ. ಎಡಗಾಲಿಗೆ ಕೆಲಸಾನೇ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹೂಂ," ಎಂದ ಗಾಜಿನವ.

"ಬೂದು ಬಣ್ಣದ್ದು ದೊಡ್ಡದು. ಕೊಳ್ಳೋವಾಗ ಕೈ ಸುಡತ್ತೆ. ಆದ್ರೆ ಒಂದು ಸಲ ಚಾರ್ಜ್ ಮಾಡಿದ್ರೆ ದೂರ ಹೋಗತ್ತೆ, ರಸ್ತೆ ಬದಿ ಚಾರ್ಜರ್ ಹುಡುಕಿಕೊಂಡು ಅಲೀಬೇಕಾಗಿಲ್ಲ. ಅಲ್ಲಿನ ಕರೆಂಟು ಮನೇದಕ್ಕಿಂತ ಮೂರು ಪಟ್ಟು ರೇಟು. ಬಿಳೀದು ಅಗ್ಗ, ವಿಮೆ ಕಮ್ಮಿ, ಟೈರೂ ಕಮ್ಮಿ ರೇಟು. ಆದ್ರೆ ದೂರದ ಆರ್ಡರಿಗೆ ಹೋದ್ರೆ ದಾರೀಲಿ ಒಂದು ಸಲ ನಿಲ್ಲಿಸಲೇಬೇಕು. ಎರಡಕ್ಕೂ ಬ್ಯಾಟರಿ ಗ್ಯಾರಂಟಿ ಎಂಟು ವರ್ಷ. ಆಮೇಲೆ ಮಾರಿದ್ರೆ ಬರೋದನ್ನೂ ಸೇರಿಸಿ ನೋಡಿದ್ರೆ ಬೂದು ಬಣ್ಣದ್ದೇ ಒಂದು ಚೂರು ಲಾಭ."

"ಹೂಂ."

ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ತಿರುಗಿದಳು. "ಏನ್ರೀ ಹೂಂ? ನನ್ನನ್ನ ನೋಡೋಕೆ ಬಂದ ದಿನಾನೂ ಇದಕ್ಕಿಂತ ಎರಡು ಮಾತು ಜಾಸ್ತಿ ಆಡಿದ್ರಿ."

"ಹೋಗಿ ನೋಡ್ಕೊಂಡು ಬರ್ತೀವಿ ಬಿಡು," ಎಂದ ಅವನು. ಅವಳಿಗೆ ಅಷ್ಟೇ ಸಾಕಾಯಿತು.

ರಜಾದಿನ ಭಾವ-ಬಾಮೈದ ಇಬ್ಬರೂ ಟ್ಯಾಕ್ಸಿಯಲ್ಲಿ ಹೋದರು. ಮೊದಲ ಶೋರೂಮಿನಲ್ಲಿ ಬೂದು ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಗಾಜಿನವ ಸೀಟಿನ ಮೇಲೆ ಕುಂಡೆಯೂರಿ ಕಾಲುಗಳನ್ನು ಒಳಗೆ ತಿರುಗಿಸಿಕೊಳ್ಳಲು ನೋಡಿದ. ಹೊಸ್ತಿಲು ಎತ್ತರವಿತ್ತು. ಕೃತಕ ಪಾದ ಅಂಚಿಗೆ ಸಿಕ್ಕಿ ನಿಂತಿತು. ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಇಳಿಯುವಾಗಲೂ ಅದೇ ಪಾಡು. ಹಿಂದಿನ ಸೀಟು ಮಡಚಿದರೆ ನಡುವೆ ಒಂದು ದಿಬ್ಬ ಉಳಿಯುತ್ತಿತ್ತು. ಅದರ ಮೇಲೆ ಗಾಜು ಮಲಗಿಸಿದರೆ ಮೊದಲ ಹಳ್ಳಕ್ಕೇ ಚೂರು.

"ದಪ್ಪ ಹಾಸಿಗೆ ಹಾಕಿದ್ರೆ..." ಎಂದ ಬಾಮೈದ. ಅವನ ಲೆಕ್ಕ ಬೂದು ಗಾಡಿಯ ಕಡೆಗಿತ್ತು.

ಎರಡನೆಯ ಶೋರೂಮಿನ ಬಿಳಿ ಗಾಡಿಯ ಬಾಗಿಲು ಅಗಲವಾಗಿತ್ತು, ಹೊಸ್ತಿಲು ತಗ್ಗು. ಗಾಜಿನವ ಮನೆಯ ಕುರ್ಚಿಯಲ್ಲಿ ಕೂತಂತೆ ಕೂತುಬಿಟ್ಟ. ಸೀಟು ಮಡಚಿದಾಗ ಹಿಂಭಾಗ ಹಲಗೆಯಂತೆ ಸಪಾಟಾಯಿತು. ಟೇಪು ಹಿಡಿದು ಅಳೆದ. ಬಾಗಿಲ ಗಾಜು ಅಡ್ಡಡ್ಡ ಹಿಡಿಸುತ್ತಿತ್ತು. ಒಳ್ಳೆಯದಾಯಿತು ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಟೇಪು ಸರ್ರನೆ ಒಳಗೆ ಸೇರಿತು.

ಶೋರೂಮಿನ ಹುಡುಗಿ ಪಕ್ಕದಲ್ಲಿ ಕೂತಳು, ಬಾಮೈದ ಹಿಂದೆ. ಗಾಜಿನವನೇ ಓಡಿಸಿದ. ಗಾಡಿ ಸದ್ದಿಲ್ಲದೆ ಹೊರಟಿತು. ಹುಡುಗಿ ಪರದೆ ತೋರಿಸಿ ಏನೇನೋ ವಿವರಿಸುತ್ತಿದ್ದಳು. ಕನ್ನಡಿಯಲ್ಲಿ ಬಾಮೈದನ ಮುಖ ಕಂಡಿತು. ಕಿಟಕಿಯ ಮೇಲಿನ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ. ನಾನಲ್ಲವೇ ಹೆದರಬೇಕಾದವನು ಎಂದುಕೊಂಡ ಗಾಜಿನವ. ಆ ಯೋಚನೆಯೂ ಬೇರೆ ಯಾರದೋ ಮನೆಯ ಸುದ್ದಿಯಂತೆ ಬಂದು ಹೋಯಿತು.

ಗೋದಾಮುಗಳ ಸಾಲು ದಾಟಿದ ಮೇಲೆ ಅವನು ಗಾಡಿ ಬದಿಗೆ ನಿಲ್ಲಿಸಿದ.

"ನೀನು ಓಡಿಸು. ಕಾಲು ನೋಯ್ತಿದೆ."

"ಯಾವ ಕಾಲು ಭಾವ?"

"ಇಲ್ಲದ್ದು."

ಶೋರೂಮಿನ ಹುಡುಗಿ ಬೆಲ್ಟ್ ಬಿಚ್ಚಿ ಹಿಂದಕ್ಕೆ ಹೋದಳು, ಗಾಜಿನವ ಅವಳ ಸೀಟಿಗೆ ಬಂದ. ಬಾಮೈದ ಇಳಿದು ರಸ್ತೆಯ ಅಂಚಿನಲ್ಲಿ ನಿಂತೇ ಇದ್ದ.

"ನನ್ನ ಕೈಲಾಗಲ್ಲ ಭಾವ. ಟ್ಯಾಕ್ಸಿ ಕರೆಸ್ತೀನಿ."

"ದೂರದ ಆರ್ಡರಿಗೆ ನಾನೊಬ್ನೇ ಹೋಗೋಕಾಗತ್ತೇನೋ? ಹತ್ತು."

ಬಾಮೈದ ಹತ್ತಿದ. ಗಾಡಿ ಎಷ್ಟು ಮೆಲ್ಲಗೆ ಹೊರಟಿತೆಂದರೆ ಸೈಕಲ್ಲಿನಲ್ಲಿ ಬಂದ ಮುದುಕನೊಬ್ಬ ಇವರನ್ನು ಹಿಂದೆ ಹಾಕಿ, ಒಮ್ಮೆ ತಿರುಗಿ ನೋಡಿ ಹೋದ. ಹಿಂದಿನ ಲಾರಿ ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಯಿತು. ಬಾಮೈದ ಬೆವೆತು ತೊಪ್ಪೆಯಾಗಿದ್ದ. ಮೊದಲ ತಿರುವು ಬಂತು. ಉಸಿರು ಬಿಗಿಹಿಡಿದು ತಿರುಗಿಸಿದ. ಏನೂ ಆಗಲಿಲ್ಲ. ಭಾವನ ಕಡೆ ಕಣ್ಣು ಹೊರಳಿಸಿದ.

ಗಾಜಿನವ ನಿದ್ದೆ ಹೋಗಿದ್ದ. ಬಾಯಿ ತುಸು ತೆರೆದಿತ್ತು, ತಲೆ ಕಿಟಕಿಗೆ ವಾಲಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರೆಯಿಲ್ಲದೆ ಕಣ್ಣು ಮುಚ್ಚಿದವನಲ್ಲ ಎಂದು ಅಕ್ಕ ಹೇಳುತ್ತಲೇ ಇದ್ದಳು.

ಬಾಮೈದ ಶೋರೂಮಿನ ಗೇಟು ದಾಟಿ ಮುಂದೆ ಹೋದ.

"ಸರ್, ಅಲ್ಲೇ ಒಳಗೆ," ಎಂದಳು ಹುಡುಗಿ.

"ಸ್ವಲ್ಪ ಹೊತ್ತು ಕಣಮ್ಮ. ಚಾರ್ಜಿದೆಯಲ್ಲ?"

ಹುಡುಗಿ ಒರಗಿದ ತಲೆಯನ್ನು ನೋಡಿದಳು. "ಇದೆ ಸರ್, ಬೇಕಾದಷ್ಟಿದೆ," ಎಂದು ಗಟ್ಟಿಯಾಗಿ ಹೇಳಹೋಗಿ ದನಿ ತಗ್ಗಿಸಿದಳು. ಇನ್ನೂ ಎರಡು ಸುತ್ತು ಹಾಕಿದರು. ಗಾಜಿನವ ಎದ್ದು, "ಬಂತಾ?" ಎಂದು ಮಾತ್ರ ಕೇಳಿ ಕಣ್ಣುಜ್ಜಿಕೊಂಡ.

ಬಿಳಿಯದನ್ನೇ ಕೊಂಡರು. ಬೂದು ಬಣ್ಣದ್ದೇ ಲಾಭವಿತ್ತು ಎಂದು ಬಾಮೈದ ಆಮೇಲೂ ಗೊಣಗಿದ. ಊರೊಳಗಿನ ಆರ್ಡರುಗಳಿಗೆ ಗಾಜಿನವ ತಾನೇ ಹೋಗುತ್ತಿದ್ದ. ದೂರದ್ದಕ್ಕೆ ಬಾಮೈದ ರಜೆ ಹಾಕಿ ಬರುತ್ತಿದ್ದ. ಚಾರ್ಜಿಗೆ ನಿಂತಾಗ ಇಬ್ಬರೂ ಟೀ ಕುಡಿಯುತ್ತಿದ್ದರು.

ಹೀಗೇ ಒಂದು ಸಂಜೆ ಬಾಮೈದ ಚಾರ್ಜರಿನ ವೈರನ್ನು ಸುತ್ತಿಡದೆ ಅಂಗಳದಲ್ಲಿ ಬಿಟ್ಟಿದ್ದ. ಗಾಜಿನವ ಎಡವಿ ಗೋಡೆ ಹಿಡಿದುಕೊಂಡ. ಹಿಡಿದುಕೊಂಡೇ ಬೈಯಲು ಶುರುಮಾಡಿದ. ವೈರಿನಿಂದ ಶುರುವಾಗಿದ್ದು ಸೇತುವೆಗೆ ಹೋಯಿತು, ತಿರುವಿಗೆ ಹೋಯಿತು, ಕಣ್ಣು ಎಲ್ಲಿತ್ತೋ ನಿಂಗೆ ಎಂಬಲ್ಲಿಗೆ ಹೋಯಿತು. ನೆರೆಮನೆಯ ಕಿಟಕಿಗಳು ತೆರೆದವು. ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದು, ತಡೆಯಲು ಬಾಯಿ ತೆರೆದು, ತಡೆಯದೆ ನಿಂತಳು.

ಬಾಮೈದ ಕದಲಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಭಾವನ ದನಿ ಒಡೆದು ನಿಂತ ಮೇಲೆ ಬಗ್ಗಿ, ವೈರನ್ನು ಮೊಣಕೈಗೆ ಸುತ್ತತೊಡಗಿದ.