ತಟ್ಟೆಯಲ್ಲಿ ಬಿಚ್ಚಿಟ್ಟ ಕ್ಯಾಮೆರಾ

ನಾನು ಹುಟ್ಟಿದ್ದು ೧೯೮೬ರಲ್ಲಿ, ಹುಬ್ಬಳ್ಳಿಯ ‘ದೃಷ್ಟಿ’ ಕಾರ್ಖಾನೆಯಲ್ಲಿ. ರೀಲು ಹಾಕಿ ಫೋಟೊ ತೆಗೆಯುವ ಕ್ಯಾಮೆರಾ ನಾನು. ನನ್ನ ಮೈಯ ಎರಕ ಹೊಯ್ದವರು ಯಾರೋ, ಗಾಜು ತಿಕ್ಕಿದವರು ಯಾರೋ. ಶಟರಿಗೆ ಸ್ಪ್ರಿಂಗು ಕೂಡಿಸಿದವಳು ಮಾತ್ರ ಶಕುಂತಲಾ ಹಂಚಿನಮನಿ. ಆಗ ಅವಳಿಗೆ ಇಪ್ಪತ್ತು ವರ್ಷ. ಮೂರು ಸಲ ಕೂಡಿಸಿ ಮೂರು ಸಲವೂ ತೆಗೆದಳು. ನಾಲ್ಕನೆಯ ಸಲಕ್ಕೆ ನನ್ನನ್ನು ಕಿವಿಗೆ ಹಿಡಿದು ತೃಪ್ತಿಯಿಂದ ತಲೆಯಾಡಿಸಿದಳು.

ನನ್ನನ್ನು ಕೊಂಡವರು ರೋಣದ ಫೋಟೊಗ್ರಾಫರ್ ದಾವಲಸಾಬ ನದಾಫ. ಹತ್ತೊಂಬತ್ತು ವರ್ಷ ಅವರ ಕೊರಳಲ್ಲಿ ತೂಗಾಡಿದೆ. ಸಾಲಾಗಿ ನಿಂತ ಶಾಲೆಯ ಮಕ್ಕಳನ್ನು, ಕಣ್ಣು ಮಿಟುಕಿಸುತ್ತಲೇ ಇರುವ ಮದುಮಕ್ಕಳನ್ನು ನೋಡಿದೆ. ಒಮ್ಮೆ ಶಟರು ಸಿಕ್ಕಿಕೊಂಡಿತು. ರಿಪೇರಿಗೆಂದು ಕಾರ್ಖಾನೆಗೆ ತಂದ ದಾವಲಸಾಬರು ನನ್ನನ್ನು ಶಕುಂತಲಾಳ ಮೇಜಿನ ಮೇಲಿಟ್ಟು, “ಇದು ನಿಮ್ಮಲ್ಲೇ ಇರ್ಲಿ ಅಕ್ಕಾರ. ನಾ ಡಿಜಿಟಲ್ ತಗೊಂಡೇನಿ” ಎಂದು ಎದ್ದು ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲವೇನೋ.

ಶಕುಂತಲಾ ನನ್ನನ್ನು ಸರಿಮಾಡಿ ಕಪಾಟಿನಲ್ಲಿಟ್ಟಳು. ಮುಂದೆ ಕಾರ್ಖಾನೆ ಹೊಸ ಕ್ಯಾಮೆರಾ ಮಾಡುವುದನ್ನೇ ನಿಲ್ಲಿಸಿತು. ರಿಪೇರಿ ವಿಭಾಗವೊಂದು ಉಳಿಯಿತು; ಅದರಲ್ಲಿ ಅವಳು, ಇನ್ನು ಮೂವರು ಹೆಂಗಸರು. ಈಚೆಗೆ ಹರೆಯದವರಿಗೆ ಮತ್ತೆ ರೀಲಿನ ಹುಚ್ಚು ಹತ್ತಿದೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕಿತೆಂದು ಎಲ್ಲೆಲ್ಲಿಂದಲೋ ನನ್ನ ಒಡಹುಟ್ಟಿದವರು ಪಾರ್ಸೆಲ್ಲಿನಲ್ಲಿ ಬರತೊಡಗಿದರು.

ಅದರ ಹಿಂದೆಯೇ ಮುಂಬೈಯ ದೊಡ್ಡ ಕಂಪನಿಯೊಂದರ ಕಾರು ಬಂತು. ಅವರಿಗೆ ‘ದೃಷ್ಟಿ’ ಎಂಬ ಹೆಸರು ಬೇಕಿತ್ತು. ಆ ಹೆಸರಿನಲ್ಲಿ ಬೇರೆಲ್ಲೋ ಹೊಸ ಕ್ಯಾಮೆರಾ ಮಾಡುತ್ತಾರಂತೆ. ಹುಬ್ಬಳ್ಳಿಯ ಕಟ್ಟಡದ, ಅಲ್ಲಿ ಕೆಲಸ ಮಾಡುವವರ ಬಗ್ಗೆ ‘ನೋಡೋಣ’ ಎಂದರು. ಆ ಒಂದು ಮಾತು ಕಪಾಟಿನ ಒಳಗೂ ಬಂದು ಕೂತಿತು. ಮಧ್ಯಾಹ್ನ ಬುತ್ತಿ ಬಿಚ್ಚಿದ ಹೆಂಗಸರು ತುತ್ತು ಕೈಯಲ್ಲಿ ಹಿಡಿದೇ ಕಾರಿನ ಸಪ್ಪಳಕ್ಕೆ ಕಿವಿಗೊಡುತ್ತಿದ್ದರು.

ಎರಡನೆಯ ಸಲ ಬಂದಾಗ ಕಂಪನಿಯ ಅಧಿಕಾರಿ ದಿನಕರ ಪೈ ನನ್ನನ್ನೆತ್ತಿ ತಿರುಗಿಸಿ ನೋಡಿದರು.

“ಈ ಶಟರ್ ಪೂರ್ತಿ ಬಿಚ್ಚಿ ಜೋಡಿಸೋಕೆ ಯಾರಿಗೆ ಬರುತ್ತೆ?”

“ನನಗೊಬ್ಬಾಕಿಗೇ ರೀ” ಎಂದಳು ಶಕುಂತಲಾ.

“ಹಾಗಾದ್ರೆ ಮಾಡಿ ತೋರಿಸಿ. ವೀಡಿಯೊ ಮಾಡ್ಕೊಳ್ತೀವಿ.”

ಅವಳು ಕನ್ನಡಕ ಏರಿಸಿ ನನ್ನನ್ನು ಬಿಚ್ಚತೊಡಗಿದಳು. ಒಂದೊಂದೇ ತಿರುಪು ಬಿಳಿ ತಟ್ಟೆಗೆ ಬಿತ್ತು. ಗಾಜು, ಹಲ್ಲುಚಕ್ರ, ಪರದೆ. ಎದುರಿಗೆ ಮೊಬೈಲ್ ಹಿಡಿದು ಒಬ್ಬ ನಿಂತಿದ್ದ. ಸ್ಪ್ರಿಂಗು ಹೊರಬಂದ ಮೇಲೆ ಅವಳು ಕೈ ಒರೆಸಿಕೊಂಡಳು.

“ಇಷ್ಟು ಸಾಕ್ರಿ. ಕೂಡಿಸೂದು ಆಮ್ಯಾಲ ತೋರಸ್ತೀನಿ. ಮೊದಲ ನಮ್ಮ ನಾಲ್ಕೂ ಮಂದಿ ಕೆಲಸ ಇರತೈತಿ ಅಂತ ಕಾಗದದಾಗ ಬರದು ಕೊಡ್ರಿ.”

ಪೈ ನಕ್ಕು, ಕಾರ್ಖಾನೆಯ ಒಡತಿ ವಸುಧಾ ಕಬ್ಬೂರರ ಕಡೆ ನೋಡಿದರು. ವಸುಧಾರ ತಂದೆ ಕಟ್ಟಿದ ಕಾರ್ಖಾನೆ ಅದು. ಅಷ್ಟು ದಿನ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ ವಸುಧಾ ಕೈಯಲ್ಲಿದ್ದ ಮಾರಾಟದ ಕರಾರು ಪತ್ರವನ್ನು ಮಡಚಿದರು.

“ಅಕಿ ಕೇಳಿದ್ದರಾಗ ತಪ್ಪೇನೈತ್ರಿ? ಆ ಕಾಗದ ಬರೂತನಕ ನಾನೂ ಸಹಿ ಮಾಡಂಗಿಲ್ಲ.”

ಕಾರು ಹೋಯಿತು. ನಾನು ತಟ್ಟೆಯಲ್ಲಿ ಚೂರುಚೂರಾಗಿ ಉಳಿದೆ. ಗಾಜಿಗೆ ಸೂರಿನ ತಗಡು ಮಾತ್ರ ಕಾಣುತ್ತಿತ್ತು. ನನ್ನ ಸ್ಪ್ರಿಂಗಿಗೂ ನನಗೂ ಒಂದು ಗೇಣಿನ ಅಂತರ. ಅವಳು ದಿನವೂ ಮುಚ್ಚಿದ ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚುತ್ತಿದ್ದಳು. ಹತ್ತು ದಿನ ಕಳೆದರೂ ಕಾಗದ ಬರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಉಳಿದ ಮೂವರನ್ನೂ ಕರೆದಳು. “ಅವರಿಗೆ ತೋರಸೂದು ಇರ್ಲಿ. ಇಷ್ಟು ವರ್ಷ ನಿಮಗ ತೋರಿಸಿಲ್ಲಲ್ಲ ನಾ, ಅದು ನನ್ನ ತಪ್ಪು. ಕೂಡ್ರಿ.”

ಒಬ್ಬೊಬ್ಬರೂ ಸ್ಪ್ರಿಂಗು ಕೂಡಿಸಿ, ತೆಗೆದು, ಮತ್ತೆ ಕೂಡಿಸಿದರು. ಒಬ್ಬಳ ಬೆರಳಿಂದ ಅದು ಜಿಗಿದು ಮೇಜಿನ ಕೆಳಗೆ ಹೋಯಿತು. ನಾಲ್ವರೂ ನೆಲದ ಮೇಲೆ ಮಂಡಿಯೂರಿ ಹುಡುಕಿದರು. ಸಿಕ್ಕಾಗ ಶಕುಂತಲಾ ಬೈಯಲಿಲ್ಲ, “ಮತ್ತೊಮ್ಮೆ ಮಾಡು” ಎಂದಳು. ಸಂಜೆಗೆ ನಾನು ಮತ್ತೆ ಇಡಿಯಾದೆ.

ನನಗೀಗ ವಯಸ್ಸಾಗಿದೆ. ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿದೆ. ಕಾಗದ ಇನ್ನೂ ಬಂದಿಲ್ಲ. ನಾಳೆ ನಾನು ಮುಂಬೈ ಕಂಪನಿಯ ಪ್ರದರ್ಶನದ ಗಾಜಿನ ಪೆಟ್ಟಿಗೆಗೆ ಹೋಗುತ್ತೇನೋ, ಗುಜರಿಗೋ, ಇಲ್ಲೇ ಇರುತ್ತೇನೋ ತಿಳಿಯದು. ವಸುಧಾ ಅವರ ಕೋಣೆಯಲ್ಲಿ ಫೋನು ರಿಂಗಾದಾಗಲೆಲ್ಲ ಮೇಜಿನ ಸುತ್ತ ನಾಲ್ವರ ಕೈಯೂ ನಿಲ್ಲುತ್ತದೆ. ರಿಂಗು ನಿಂತ ಮೇಲೆ ಮೊದಲು ಒಂದು ಕೈ, ಆಮೇಲೆ ಉಳಿದವು, ಮತ್ತೆ ತಿರುಪಿನತ್ತ ಚಾಚುತ್ತವೆ.